ಪರದೇಶದ ಬೀದಿಯಲ್ಲಿ ಸ್ವದೇಶದ ದಿನ

1920ರ ಮಾರ್ಚ್ 17ರಂದು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ರಸ್ತೆಯಲ್ಲಿ ಐರಿಷ್ ಜನ ತಮ್ಮ ಸೇಂಟ್ ಪ್ಯಾಟ್ರಿಕ್ ದಿನದ ಮೆರವಣಿಗೆ ಹೊರಡಿಸಿದ್ದರು. ಹಸಿರು ಪಟ್ಟಿ ತೊಟ್ಟ ಸಾವಿರಾರು ಮಂದಿ, ಬ್ಯಾಗ್‌ಪೈಪ್ ಊದುವ ತಂಡಗಳು, ಒಂದೊಂದು ಸೀಮೆಯ ಹೆಸರು ಬರೆದ ಬಾವುಟಗಳು. ಆ ಸಾಲಿನಲ್ಲಿ ರುಮಾಲು ಸುತ್ತಿದ ಭಾರತೀಯರ ಒಂದು ಗುಂಪೂ ನಡೆಯಿತು. ಭಾರತದ ಮೂವತ್ತೊಂದೂವರೆ ಕೋಟಿ ಜನ ಕೊನೆಯ ತನಕ ಐರ್ಲೆಂಡಿನ ಜೊತೆಗಿದ್ದಾರೆ ಎಂದು ಅವರ ಫಲಕ ಸಾರುತ್ತಿತ್ತು.

ಆಗ ಐರ್ಲೆಂಡೂ ಸ್ವತಂತ್ರವಾಗಿರಲಿಲ್ಲ, ಭಾರತವೂ ಆಗಿರಲಿಲ್ಲ. ಎರಡೂ ದೇಶಗಳನ್ನು ಆಳುತ್ತಿದ್ದುದು ಒಂದೇ ಸಿಂಹಾಸನ. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ಇನ್ನೂ ವರ್ಷ ತುಂಬಿರಲಿಲ್ಲ. ಐರ್ಲೆಂಡಿನ ಹಳ್ಳಿಗಳಲ್ಲಿ ಬ್ರಿಟಿಷ್ ಪಡೆಗಳ ವಿರುದ್ಧ ಗೆರಿಲ್ಲಾ ಕಾಳಗ ನಡೆದಿತ್ತು. ಮೆರವಣಿಗೆಗೆ ಎರಡೂವರೆ ವಾರ ಮೊದಲು, ಫೆಬ್ರವರಿ 28ರಂದು, ಐರಿಷ್ ನಾಯಕ ಏಮನ್ ಡಿ ವೆಲೆರಾ ಅದೇ ನಗರದಲ್ಲಿ ಭಾರತೀಯರ ಸಭೆಯೊಂದರಲ್ಲಿ ಭಾಷಣ ಮಾಡಿದ್ದರು. ಸಭೆ ಕರೆದಿದ್ದು ‘ಫ್ರೆಂಡ್ಸ್ ಆಫ್ ಫ್ರೀಡಂ ಫಾರ್ ಇಂಡಿಯಾ’ ಎಂಬ ಸಂಸ್ಥೆ. ಭಾರತೀಯ ಕ್ರಾಂತಿಕಾರಿ ತಾರಕನಾಥ ದಾಸ್, ಅಮೆರಿಕದ ಲೇಖಕಿ ಆಗ್ನೆಸ್ ಸ್ಮೆಡ್ಲಿ ಮುಂತಾದವರು ಅದರ ಹಿಂದೆ ಇದ್ದರು. ಡಿ ವೆಲೆರಾ ಮುಂದೆ ಐರ್ಲೆಂಡಿನ ಪ್ರಧಾನಿಯೂ ರಾಷ್ಟ್ರಪತಿಯೂ ಆದರು. ಅವರು ಹುಟ್ಟಿದ್ದು 1882ರಲ್ಲಿ, ನ್ಯೂಯಾರ್ಕಿನಲ್ಲೇ.

ವಲಸೆ ಹೋದವರು ಪರವೂರಿನಲ್ಲಿ ಆಚರಿಸುವ ರಾಷ್ಟ್ರೀಯ ದಿನವನ್ನು ನಾವು ಸಾಮಾನ್ಯವಾಗಿ ಊರಿನ ಹಬ್ಬದ ನಕಲು ಎಂದೇ ತಿಳಿಯುತ್ತೇವೆ. ಊರು ನೆನಪಾಯಿತು, ನಾಲ್ಕು ಜನ ಸೇರಿದರು, ಬಾವುಟ ಹಾರಿಸಿದರು, ಸಿಹಿ ಹಂಚಿದರು ಎಂದು ಅದರ ಕಥೆ ಮುಗಿಸುತ್ತೇವೆ. ಆದರೆ ಎಷ್ಟೋ ದೇಶಗಳ ವಿಷಯದಲ್ಲಿ ಹಬ್ಬ ಮೊದಲು ಹೊರಗೆ ರೂಪ ತಳೆದು ಆಮೇಲೆ ತಾಯ್ನಾಡಿಗೆ ಬಂದಿದೆ. ಸೇಂಟ್ ಪ್ಯಾಟ್ರಿಕ್ ದಿನದಷ್ಟು ಸ್ಪಷ್ಟವಾದ ಉದಾಹರಣೆ ಇದಕ್ಕೆ ಮತ್ತೊಂದಿಲ್ಲ.

ಪ್ಯಾಟ್ರಿಕ್ ಐದನೆಯ ಶತಮಾನದ ಒಬ್ಬ ಕ್ರೈಸ್ತ ಸಂತ. ಮಾರ್ಚ್ 17 ಅವನು ತೀರಿಕೊಂಡ ದಿನವೆಂದು ನಂಬಿಕೆ. ಐರ್ಲೆಂಡಿನಲ್ಲಿ ಅದು ಚರ್ಚಿಗೆ ಹೋಗುವ ದಿನವಾಗಿತ್ತು. ನ್ಯೂಯಾರ್ಕಿನಲ್ಲಿ 1762ರಲ್ಲೇ ಅದು ಬೀದಿಗೆ ಇಳಿಯಿತು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಆಗ ಇನ್ನೂ 14 ವರ್ಷ ಬಾಕಿ. ಅಂದು ನಡೆದವರಲ್ಲಿ ಬ್ರಿಟಿಷ್ ಸೈನ್ಯದಲ್ಲೇ ಚಾಕರಿ ಮಾಡುತ್ತಿದ್ದ ಐರಿಷ್ ಸಿಪಾಯಿಗಳೂ ಇದ್ದರು.

ಆ ಮೆರವಣಿಗೆಗೆ ಈಗಿನ ಗಾತ್ರ ಬಂದದ್ದು ಹಸಿವಿನಿಂದ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಬಡವರ ಊಟವೆಂದರೆ ಅದೊಂದೇ. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಮಂದಿ, ಅಥವಾ ಅದಕ್ಕೂ ಹೆಚ್ಚು, ಹಡಗು ಹತ್ತಿದರು. 1860ರ ಹೊತ್ತಿಗೆ ಎಂಟು ಲಕ್ಷ ಜನರ ನ್ಯೂಯಾರ್ಕಿನಲ್ಲಿ ಎರಡು ಲಕ್ಷ ಮಂದಿ ಐರ್ಲೆಂಡಿನಲ್ಲಿ ಹುಟ್ಟಿದವರು. ಬಂದರಿನಲ್ಲಿ ಮೂಟೆ ಹೊರುವುದು, ಕಾಲುವೆ ತೋಡುವುದು, ಸಿರಿವಂತರ ಮನೆಯಲ್ಲಿ ಪಾತ್ರೆ ತೊಳೆಯುವುದು ಅವರ ಪಾಲಿಗೆ ಬಂದ ಕೆಲಸ. ಅವರು ಕ್ಯಾಥೊಲಿಕರು ಎಂಬ ಕಾರಣಕ್ಕೇ ಅವರನ್ನು ದೂರವಿಡುವ ರಾಜಕೀಯ ಪಕ್ಷಗಳಿದ್ದವು. ಅಂಥವರಿಗೆ ವರ್ಷದಲ್ಲಿ ಒಂದು ದಿನ ನಗರದ ದೊಡ್ಡ ರಸ್ತೆಯ ನಟ್ಟನಡುವೆ ತಲೆಯೆತ್ತಿ ನಡೆಯುವ ಅವಕಾಶ ಸಿಕ್ಕಿತು. ನಾವಿದ್ದೇವೆ, ಇಷ್ಟು ಜನ ಇದ್ದೇವೆ ಎಂದು ಎಣಿಸಿ ತೋರಿಸುವ ದಿನ ಅದು. 1851ರಿಂದ ಮೆರವಣಿಗೆಯ ಮುಂದೆ ನಡೆಯುವ ಗೌರವ ಐರಿಷರೇ ತುಂಬಿದ್ದ 69ನೇ ರೆಜಿಮೆಂಟಿನದು. ಇಂದಿಗೂ ಆ ಪಡೆಯೇ ಮುಂದೆ.

ಈ ಮೆರವಣಿಗೆಯಲ್ಲಿ ವಾಹನಗಳ ಮೇಲಿನ ಸ್ತಬ್ಧಚಿತ್ರಗಳಿಗೆ ಜಾಗವಿಲ್ಲ. ಎಲ್ಲರೂ ನಡೆಯಬೇಕು. ಕಾರ್ಕ್, ಕೆರ್ರಿ, ಮೇಯೊ, ಗಾಲ್ವೇ ಹೀಗೆ ಐರ್ಲೆಂಡಿನ 32 ಕೌಂಟಿಗಳ ಸಂಘಗಳು ತಮ್ಮ ತಮ್ಮ ಬಾವುಟದ ಹಿಂದೆ ಸಾಗುತ್ತವೆ. ಅವುಗಳಲ್ಲಿ ಆರು ಕೌಂಟಿಗಳು ಇಂದಿಗೂ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನಲ್ಲಿವೆ. ನಕಾಶೆಯಲ್ಲಿ ಎರಡಾದ ನಾಡು ಫಿಫ್ತ್ ಅವೆನ್ಯೂದಲ್ಲಿ ಒಂದೇ ಸಾಲಿನಲ್ಲಿ ನಡೆಯುತ್ತದೆ. 1879ರಲ್ಲಿ ಬಾಗಿಲು ತೆರೆದ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್ ಇರುವುದೂ ಇದೇ ರಸ್ತೆಯಲ್ಲಿ; ಮೆರವಣಿಗೆ ಅದರ ಮೆಟ್ಟಿಲ ಮುಂದೆಯೇ ಹಾದುಹೋಗುತ್ತದೆ. ವಾರದ ಯಾವ ದಿನವಾದರೂ ಸರಿ, ಮಾರ್ಚ್ 17ರಂದೇ ಮೆರವಣಿಗೆ. 17 ಭಾನುವಾರ ಬಂದರೆ ಮಾತ್ರ ಹಿಂದಿನ ದಿನ, ಏಕೆಂದರೆ ಭಾನುವಾರ ದೇವರದು.

ತಾಯ್ನಾಡಿನಲ್ಲಿ ಏನಾಗುತ್ತಿತ್ತು? ಐರ್ಲೆಂಡಿನಲ್ಲಿ ಆ ದಿನಕ್ಕೆ ಸಾರ್ವಜನಿಕ ರಜೆ ಸಿಕ್ಕಿದ್ದು 1903ರಲ್ಲಿ, ನ್ಯೂಯಾರ್ಕಿನ ಮೊದಲ ಮೆರವಣಿಗೆಯ 141 ವರ್ಷಗಳ ನಂತರ. ಸ್ವಾತಂತ್ರ್ಯ ಬಂದ ಮೇಲೆ, 1927ರಲ್ಲಿ, ಅಲ್ಲಿನ ಸರ್ಕಾರ ಆ ದಿನ ಹೆಂಡದಂಗಡಿಗಳನ್ನು ಮುಚ್ಚಿಸುವ ಕಾಯ್ದೆ ತಂದಿತು. ಮೂರು ದಶಕಗಳಿಗೂ ಹೆಚ್ಚು ಕಾಲ ಅವು ಮುಚ್ಚಿಯೇ ಇದ್ದವು. ಅಮೆರಿಕದಲ್ಲಿ ಹಾಡು, ಕುಣಿತ, ಬೀದಿ ತುಂಬ ಜನ. ಡಬ್ಲಿನ್ನಿನಲ್ಲಿ ಪೂಜೆ, ಮೌನ. ಷಿಕಾಗೊದವರು 1962ರಿಂದ ತಮ್ಮ ನದಿಗೇ ಹಸಿರು ಬಣ್ಣ ಹಾಕತೊಡಗಿದರು. ಕೊನೆಗೆ 1995ರಲ್ಲಿ ಐರಿಷ್ ಸರ್ಕಾರ ಈ ದಿನವನ್ನು ದೊಡ್ಡ ಉತ್ಸವವಾಗಿ ಬೆಳೆಸಲು ತೀರ್ಮಾನಿಸಿತು. ಮರುವರ್ಷ ಡಬ್ಲಿನ್ನಿನಲ್ಲಿ ಮೊದಲ ಸೇಂಟ್ ಪ್ಯಾಟ್ರಿಕ್ ಉತ್ಸವ ನಡೆಯಿತು. ವಲಸೆ ಹೋದ ಮೊಮ್ಮಕ್ಕಳಿಂದ ಅಜ್ಜಿಮನೆ ಹಬ್ಬ ಕಲಿತಂತಾಯಿತು.

ಇನ್ನೂ ಒಂದು ಸಂಗತಿಯಿದೆ. ಪ್ರತಿ ಮಾರ್ಚ್ ತಿಂಗಳಲ್ಲಿ ಐರ್ಲೆಂಡಿನ ಬಹುಪಾಲು ಮಂತ್ರಿಗಳು ತಮ್ಮ ರಾಷ್ಟ್ರೀಯ ದಿನಕ್ಕೆ ದೇಶದಲ್ಲೇ ಇರುವುದಿಲ್ಲ. ನ್ಯೂಯಾರ್ಕ್, ಬಾಸ್ಟನ್, ಲಂಡನ್, ಸಿಡ್ನಿ ಎಂದು ಒಬ್ಬೊಬ್ಬರು ಒಂದೊಂದು ನಗರಕ್ಕೆ ಹೊರಡುತ್ತಾರೆ. ಪ್ರಧಾನಿ ವಾಷಿಂಗ್ಟನ್ನಿಗೆ ಹೋಗಿ ಅಮೆರಿಕದ ಅಧ್ಯಕ್ಷರಿಗೆ ಮೂರೆಲೆಯ ಶ್ಯಾಮ್ರಾಕ್ ತುಂಬಿದ ಬಟ್ಟಲು ಕೊಡುತ್ತಾರೆ. 1952ರಲ್ಲಿ ಐರಿಷ್ ರಾಯಭಾರಿ ಅಧ್ಯಕ್ಷ ಟ್ರೂಮನ್ನರಿಗೆ ಒಂದು ಡಬ್ಬಿ ಶ್ಯಾಮ್ರಾಕ್ ಕಳಿಸಿದ್ದರಿಂದ ಶುರುವಾದ ಪದ್ಧತಿ ಇದು. ಹೊರಗಿರುವ ತನ್ನ ಜನವನ್ನು ಹುಡುಕಿಕೊಂಡು ಒಂದು ಸರ್ಕಾರವೇ ದೇಶದಾಚೆ ಹೋಗುವುದು ಸಣ್ಣ ಮಾತಲ್ಲ.

ತಾಯ್ನಾಡಿನಲ್ಲಿ ಬಾಯಿ ಕಟ್ಟಿದಾಗ ಹಬ್ಬ ಹೊರಗೆ ಉಳಿದುಕೊಂಡದ್ದೂ ಉಂಟು. ನಾರ್ವೆಯವರಿಗೆ ಮೇ 17 ರಾಷ್ಟ್ರೀಯ ದಿನ. 1814ರಲ್ಲಿ ಅವರ ಸಂವಿಧಾನಕ್ಕೆ ಸಹಿ ಬಿದ್ದ ದಿನ. 1940ರಲ್ಲಿ ಜರ್ಮನ್ ಸೇನೆ ನಾರ್ವೆಯನ್ನು ಆಕ್ರಮಿಸಿ ಆ ಆಚರಣೆಯನ್ನು ನಿಷೇಧಿಸಿತು. ದೊರೆ ಏಳನೆಯ ಹೊಕುನ್ ಮತ್ತು ಅವನ ಸರ್ಕಾರ ಲಂಡನ್ನಿಗೆ ಬಂದು ಸೇರಿತು. ಯುದ್ಧದ ಆ ವರ್ಷಗಳಲ್ಲಿ ಮೇ 17ನ್ನು ಬಹಿರಂಗವಾಗಿ ಆಚರಿಸುವುದಕ್ಕೆ ನಾರ್ವೆಯವರಿಗೆ ಉಳಿದಿದ್ದು ಲಂಡನ್ನಿನಂಥ ಹೊರಗಿನ ನಗರಗಳು ಮಾತ್ರ.

ಭಾರತದ ಕಥೆಯೂ ಇದೇ ದಾರಿಯಲ್ಲಿ ಹಾದು ಬಂದಿದೆ. 1907ರ ಆಗಸ್ಟ್ 22ರಂದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಅಂತರರಾಷ್ಟ್ರೀಯ ಸಮಾಜವಾದಿ ಸಮ್ಮೇಳನದಲ್ಲಿ ಮೇಡಂ ಭಿಕಾಜಿ ಕಾಮಾ ಒಂದು ಬಾವುಟ ಬಿಚ್ಚಿ ಹಿಡಿದರು. ಹಸಿರು, ಕೇಸರಿ, ಕೆಂಪು ಪಟ್ಟೆಗಳು, ನಡುವೆ ದೇವನಾಗರಿಯಲ್ಲಿ ವಂದೇ ಮಾತರಂ. ಅಂಥ ಬಾವುಟ ಹಾರಿಸಿ ಭಾರತದಲ್ಲಿ ಪಾರಾಗುವುದು ಆಗ ಸಾಧ್ಯವಿರಲಿಲ್ಲ. ಅದೀಗ ಪುಣೆಯ ಕೇಸರಿ ವಾಡೆಯಲ್ಲಿದೆ.

ಕನ್ನಡ ನೆಲದವರು ವಿಶೇಷವಾಗಿ ನೆನೆಯಬೇಕಾದ ಒಂದು ಹೆಸರು ಇಲ್ಲಿ ಬರುತ್ತದೆ. ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್ ಧಾರವಾಡ ಜಿಲ್ಲೆಯವರು, 1889ರಲ್ಲಿ ಹುಟ್ಟಿದವರು. ವೈದ್ಯ ಓದಿ, ಸಾರ್ವಜನಿಕ ಆರೋಗ್ಯ ಶಾಸ್ತ್ರದ ಹೆಚ್ಚಿನ ಓದಿಗೆ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಆಗ ಲಾಲಾ ಲಜಪತರಾಯರು ನ್ಯೂಯಾರ್ಕಿನಲ್ಲಿದ್ದರು. 1917ರಲ್ಲಿ ಅವರು ಅಲ್ಲಿ ಇಂಡಿಯಾ ಹೋಂ ರೂಲ್ ಲೀಗ್ ಕಟ್ಟಿದಾಗ ಹರ್ಡೀಕರ್ ಲಜಪತರಾಯರ ಬಲಗೈಯಾಗಿ ನಿಂತರು. ‘ಯಂಗ್ ಇಂಡಿಯಾ’ ಎಂಬ ಮಾಸಪತ್ರಿಕೆ ಅದೇ ನಗರದಿಂದ ಹೊರಟಿತು. ಸಭೆ ಸೇರಿಸುವುದು, ಚಂದಾ ಎತ್ತುವುದು, ಅಪರಿಚಿತರಿಗೆ ಭಾರತವೆಂದರೇನು ಎಂದು ತಿಳಿಸಿ ಹೇಳುವುದು. ಸಂಘಟನೆಯ ಈ ದುಡಿಮೆಯಲ್ಲಿ ಹರ್ಡೀಕರ್ ಪಳಗಿದ್ದು ಪರದೇಶದಲ್ಲಿ.

1921ರಲ್ಲಿ ಅವರು ಹುಬ್ಬಳ್ಳಿಗೆ ಮರಳಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಸ್ವಯಂಸೇವಕರೊಂದಿಗೆ ಸೆರೆಮನೆಗೆ ಹೋದರು. ಕ್ಷಮಾಪಣೆ ಬರೆದುಕೊಟ್ಟು ಹೊರಬರಲು ಆ ತಂಡ ಒಪ್ಪಲಿಲ್ಲ. ಅದೇ ವರ್ಷದ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದುಸ್ತಾನಿ ಸೇವಾದಳದ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಅದರ ಕೇಂದ್ರ ಹುಬ್ಬಳ್ಳಿಯಾಯಿತು. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಊರೂರಲ್ಲಿ ಧ್ವಜವಂದನೆ ಮಾಡುವ ಪದ್ಧತಿಯನ್ನು ಈ ದಳ ರೂಢಿಗೆ ತಂದಿತು. ಸಾಲಾಗಿ ನಿಲ್ಲುವುದು, ಬಾವುಟ ಏರಿಸುವುದು, ವಂದಿಸುವುದು, ಇವೆಲ್ಲ ಇಂದು ಶಾಲೆಯ ಅಂಗಳದಲ್ಲಿ ಮಕ್ಕಳಿಗೂ ಗೊತ್ತು. ಬಾವುಟಕ್ಕಾಗಿ ಜೈಲಿಗೆ ಹೋಗಬೇಕಾದ ಕಾಲದಲ್ಲಿ ಇವನ್ನು ಜನಕ್ಕೆ ಕಲಿಸಿದವರಲ್ಲಿ ನ್ಯೂಯಾರ್ಕಿನಿಂದ ಹುಬ್ಬಳ್ಳಿಗೆ ಮರಳಿದ ಈ ವೈದ್ಯರು ಮುಂಚೂಣಿಯಲ್ಲಿದ್ದರು.

ಹುಬ್ಬಳ್ಳಿಗೂ ಬಾವುಟಕ್ಕೂ ಇರುವ ನಂಟು ಅಲ್ಲಿಗೇ ಮುಗಿಯಲಿಲ್ಲ. ನಗರದ ಬೆಂಗೇರಿಯಲ್ಲಿ 1957ರ ನವೆಂಬರ್ 1ರಂದು ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಪ್ರಮಾಣಪತ್ರ ಪಡೆದು ರಾಷ್ಟ್ರಧ್ವಜ ತಯಾರಿಸುತ್ತದೆ. ಬಾಗಲಕೋಟೆ ಸೀಮೆಯ ಮಗ್ಗಗಳಲ್ಲಿ ನೇಯ್ದ ಖಾದಿ ಇಲ್ಲಿಗೆ ಬಂದು ಬಣ್ಣ ಕಂಡು, ಅಶೋಕಚಕ್ರದ 24 ಅರಗಳ ಅಚ್ಚು ಬಿದ್ದು, ಹೊಲಿಗೆಯಾಗುತ್ತದೆ. ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅತಿ ದೊಡ್ಡ ಬಾವುಟ 21 ಅಡಿ ಉದ್ದ, 14 ಅಡಿ ಅಗಲ. ಒಟ್ಟು ಒಂಬತ್ತು ಅಳತೆಗಳು. ವಿದೇಶಗಳಲ್ಲಿರುವ ಭಾರತೀಯ ರಾಯಭಾರ ಕಚೇರಿಗಳಿಗೂ ಬಾವುಟ ಇಲ್ಲಿಂದ ಹೋಗುತ್ತದೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದ ಹೊಲಿಗೆಗೂ ಅವಕಾಶ ಕೊಟ್ಟ ಮೇಲೆ ಬೆಂಗೇರಿಗೆ ಪೆಟ್ಟು ಬಿದ್ದಿದೆ. ಹೊರದೇಶದ ನಮ್ಮ ಸಂಘಗಳು ಆಗಸ್ಟಿನಲ್ಲಿ ಬಾವುಟ ಕೊಳ್ಳುವಾಗ ಈ ಹೆಣ್ಣುಮಕ್ಕಳನ್ನು ನೆನೆದು ಖಾದಿಯದನ್ನೇ ಕೇಳಿ ತರಿಸಿಕೊಳ್ಳಬೇಕು. ತಾಯ್ನಾಡಿಗೆ ಅವರು ಸಲ್ಲಿಸಬಹುದಾದ ನೇರವಾದ ಸೇವೆ ಅದು.

ಮತ್ತೆ ಅಮೆರಿಕಕ್ಕೆ. ಅಲ್ಲಿ ಭಾರತೀಯರು ಒಂದು ಬೀದಿಯನ್ನು ಒಂದು ಮಧ್ಯಾಹ್ನದ ಮಟ್ಟಿಗೆ ತಮ್ಮದಾಗಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. 1917ರ ವಲಸೆ ಕಾಯ್ದೆ ಭಾರತೀಯರಿಗೆ ಬಾಗಿಲು ಮುಚ್ಚಿತು. 1923ರಲ್ಲಿ, ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದ್ದ ಭಗತ್ ಸಿಂಗ್ ಥಿಂದ್ ಅವರ ಮೊಕದ್ದಮೆಯಲ್ಲಿ, ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 1946ರಲ್ಲಿ ಕಾಯ್ದೆ ಸಡಿಲವಾಯಿತು. ಆದರೂ ವರ್ಷಕ್ಕೆ ಒಳಬಿಟ್ಟದ್ದು ನೂರೇ ನೂರು ಮಂದಿಯನ್ನು. ಆ ಸಡಿಲಿಕೆಗಾಗಿ ನ್ಯೂಯಾರ್ಕಿನ ವ್ಯಾಪಾರಿ ಜೆ. ಜೆ. ಸಿಂಗ್ ತಮ್ಮ ಇಂಡಿಯಾ ಲೀಗ್ ಮೂಲಕ ವರ್ಷಗಟ್ಟಲೆ ವಾಷಿಂಗ್ಟನ್ನಿಗೆ ಅಲೆದಿದ್ದರು. ಡಾಕ್ಟರು, ಎಂಜಿನಿಯರು, ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಹೋಗತೊಡಗಿದ್ದು 1965ರ ಹೊಸ ವಲಸೆ ಕಾಯ್ದೆಯ ನಂತರವೇ. ಕನ್ನಡಿಗರ ದೊಡ್ಡ ವಲಸೆಯೂ ಆ ಬಳಿಕದ್ದು.

1970ರಲ್ಲಿ ನ್ಯೂಯಾರ್ಕ್ ಸುತ್ತಲಿನ ಭಾರತೀಯ ಸಂಘಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡವು. 1981ರಲ್ಲಿ ಮೊದಲ ಇಂಡಿಯಾ ಡೇ ಪರೇಡ್ ನಡೆಯಿತು. ಈಗ ಮ್ಯಾಡಿಸನ್ ಅವೆನ್ಯೂದಲ್ಲಿ 38ನೇ ಬೀದಿಯಿಂದ 27ನೇ ಬೀದಿಯವರೆಗೆ ಅದು ಸಾಗುತ್ತದೆ. ಐರಿಷರದು ಕಾಲ್ನಡಿಗೆಯಾದರೆ ಇದು ಸ್ತಬ್ಧಚಿತ್ರಗಳ ಮೆರವಣಿಗೆ: ಬ್ಯಾಂಕುಗಳದ್ದು, ಭಾಷಾಸಂಘಗಳದ್ದು, ಮಠಮಂದಿರಗಳದ್ದು. ಢೋಲಿನ ಸದ್ದು, ಮುಂಬಯಿ ಅಥವಾ ಹೈದರಾಬಾದಿನಿಂದ ಬಂದ ಚಿತ್ರತಾರೆ, ಎರಡೂ ಬದಿ ಬೇಲಿಗೆ ಒರಗಿ ನಿಂತ ಸಂಸಾರಗಳು, ಒಂದು ಕೈಯಲ್ಲಿ ತ್ರಿವರ್ಣ, ಇನ್ನೊಂದರಲ್ಲಿ ಅಮೆರಿಕದ ಬಾವುಟ. ಎರಡು ಬಾವುಟ ಹಿಡಿದವರ ನಿಷ್ಠೆಯನ್ನು ಪ್ರಶ್ನಿಸುವವರು ಎರಡೂ ದೇಶಗಳಲ್ಲಿದ್ದಾರೆ. ಆ ಪ್ರಶ್ನೆಯಲ್ಲಿ ಹುರುಳಿಲ್ಲ. ಹುಟ್ಟಿದ ಮನೆಯನ್ನೂ ಬದುಕು ಕಟ್ಟಿಕೊಂಡ ಮನೆಯನ್ನೂ ಒಟ್ಟಿಗೆ ಪ್ರೀತಿಸುವುದು ಮನುಷ್ಯನಿಗೆ ಕಷ್ಟದ ಕೆಲಸವಲ್ಲ.

ಭಾರತೀಯರ ಈ ಮೆರವಣಿಗೆ ನಡೆಯುವುದು ಆಗಸ್ಟ್ 15ರಂದಲ್ಲ, ಅದರ ಆಸುಪಾಸಿನ ಭಾನುವಾರ. ಅಲ್ಲಿ 15 ಕೆಲಸದ ದಿನ. ಜನ ಬರಬೇಕಾದರೆ ರಜೆ ಬೇಕು. ವಾರದ ನಡುವೆ ಮ್ಯಾನ್‌ಹಟನ್ನಿನ ಮುಖ್ಯರಸ್ತೆಯನ್ನು ಮುಚ್ಚಿಸುವ ಬಲ ಐರಿಷರಿಗೆ ಎರಡೂವರೆ ಶತಮಾನದಲ್ಲಿ ಕೂಡಿಬಂದದ್ದು. ಪೊಲೀಸ್ ಪಡೆಯಲ್ಲಿ, ಅಗ್ನಿಶಾಮಕ ದಳದಲ್ಲಿ, ನಗರದ ರಾಜಕೀಯದಲ್ಲಿ ಅವರು ತಲೆಮಾರುಗಳ ಕಾಲ ಬೇರು ಬಿಟ್ಟಿದ್ದಾರೆ.

ಬೀದಿಯೇ ಸಿಗದ ನಗರಗಳೂ ಇವೆ. ಮಂಗಳೂರು, ಉಡುಪಿ, ಭಟ್ಕಳ, ಕಾರವಾರ ಸೀಮೆಯ ಸಾವಿರಾರು ಮನೆಗಳ ದುಡಿಯುವ ಕೈಗಳಿರುವುದು ಕೊಲ್ಲಿ ರಾಷ್ಟ್ರಗಳಲ್ಲಿ. ಅಲ್ಲಿ ಪರದೇಶದವರು ಎಷ್ಟು ವರ್ಷ ದುಡಿದರೂ ಪೌರತ್ವ ಸಿಗುವುದು ತೀರಾ ಅಪರೂಪ. ಬೇಕೆಂದಾಗ ಬೀದಿಯಲ್ಲಿ ಮೆರವಣಿಗೆ ಹೊರಡಿಸುವಂತಿಲ್ಲ. ಆಗಸ್ಟ್ 15 ಅಲ್ಲೂ ಕೆಲಸದ ದಿನ. ಬೆಳಿಗ್ಗೆ ಬೇಗ ರಾಯಭಾರ ಕಚೇರಿಯ ಆವರಣದಲ್ಲಿ ಧ್ವಜಾರೋಹಣ, ರಾಷ್ಟ್ರಪತಿಗಳ ಸಂದೇಶದ ಓದು. ಅದು ಮುಗಿಸಿ ಕೆಲಸಕ್ಕೆ ಓಟ. ರಜೆ ಬಂದಾಗ ಸಂಘದವರು ಬಾಡಿಗೆ ಸಭಾಂಗಣದಲ್ಲಿ ಸೇರುತ್ತಾರೆ. ಮಕ್ಕಳ ನೃತ್ಯ, ಊರಿನ ಊಟ, ಸಾಮಾನ್ಯವಾಗಿ ಒಂದು ರಕ್ತದಾನ ಶಿಬಿರ. 2017ರ ಗಣರಾಜ್ಯೋತ್ಸವಕ್ಕೆ ದುಬೈನ ಬುರ್ಜ್ ಖಲೀಫಾ ಕಟ್ಟಡ ತ್ರಿವರ್ಣದ ಬೆಳಕಿನಲ್ಲಿ ಮಿಂದಿತ್ತು, ಲೋಕವೆಲ್ಲ ಆ ಚಿತ್ರ ನೋಡಿತು. ನೋಡಬೇಕಾದ್ದು ಇನ್ನೊಂದಿದೆ: ಕಾರ್ಮಿಕರ ಶಿಬಿರಗಳಲ್ಲಿ ಒಂದು ಕೋಣೆಯಲ್ಲಿ ಹಲವರು ಇರುವವರಿಗೆ ಈ ಸಭಾಂಗಣಗಳು ಎಷ್ಟು ದೂರ ಎಂಬುದು. ಬಸ್ಸು ಕಳಿಸಿ ಅವರನ್ನು ಕರೆತರುವ ಸಂಘಗಳು ತಮ್ಮ ವರ್ಷದ ಅತ್ಯುತ್ತಮ ಕೆಲಸವನ್ನು ಅಂದು ಮಾಡುತ್ತವೆ.

ಯಾರಿಗೆ ಜಾಗ ಎಂಬ ಪ್ರಶ್ನೆ ದೊಡ್ಡ ಮೆರವಣಿಗೆಗಳನ್ನೂ ಕಾಡಿದೆ. 1991ರಲ್ಲಿ ನ್ಯೂಯಾರ್ಕಿನ ಸಲಿಂಗಿ ಐರಿಷರ ಗುಂಪೊಂದು ಸೇಂಟ್ ಪ್ಯಾಟ್ರಿಕ್ ಮೆರವಣಿಗೆಯಲ್ಲಿ ತನ್ನ ಹೆಸರಿನ ಫಲಕ ಹಿಡಿದು ನಡೆಯಲು ಕೇಳಿತು. ಸಂಘಟಕರು ಒಪ್ಪಲಿಲ್ಲ. ಆಗಿನ ಮೇಯರ್ ಡೇವಿಡ್ ಡಿಂಕಿನ್ಸ್, ನಗರದ ಮೊದಲ ಕಪ್ಪು ಮೇಯರ್, ಗೌರವದ ಮುಂಚೂಣಿ ಸ್ಥಾನ ಬಿಟ್ಟು ಆ ಗುಂಪಿನ ಜೊತೆ ನಡೆದರು. ದಾರಿಯುದ್ದಕ್ಕೂ ಕೂಗಾಟ, ಅವರತ್ತ ಬಿಯರ್ ಡಬ್ಬಿಗಳು ತೂರಿ ಬಂದವು. ಜಗಳ ಕೋರ್ಟು ಕಚೇರಿ ಹತ್ತಿ, ಇಪ್ಪತ್ತೈದು ವರ್ಷ ಎಳೆಯಿತು. 2016ರಲ್ಲಿ ಐರಿಷ್ ಸಲಿಂಗಿಗಳ ‘ಲ್ಯಾವೆಂಡರ್ ಅಂಡ್ ಗ್ರೀನ್ ಅಲಯನ್ಸ್’ ಸಂಘಟನೆ ತನ್ನ ಫಲಕದಡಿ ಫಿಫ್ತ್ ಅವೆನ್ಯೂದಲ್ಲಿ ನಡೆಯಿತು.

ಭಾರತೀಯರ ಮೆರವಣಿಗೆಗಳ ಮುಂದೆ ಈಗ ಅಂಥದೇ ಪ್ರಶ್ನೆ ನಿಂತಿದೆ. 2022ರ ಆಗಸ್ಟಿನಲ್ಲಿ ನ್ಯೂಜೆರ್ಸಿಯ ಎಡಿಸನ್ ಊರಿನ ಮೆರವಣಿಗೆಯಲ್ಲಿ ಬುಲ್ಡೋಜರ್ ಒಂದು ಬಂತು. ಭಾರತದಲ್ಲಿ ಮುಸ್ಲಿಮರ ಮನೆಗಳನ್ನು ಕೆಡವಿದ ನೆನಪು ಅದರೊಂದಿಗೆ ಬಂತೆಂದು ಅಲ್ಲಿನ ಮುಸ್ಲಿಮರು ನೊಂದು ಹೇಳಿದರು. ಸಂಘಟಕರು ಕ್ಷಮೆ ಕೇಳಿದರು. 2024ರಲ್ಲಿ ನ್ಯೂಯಾರ್ಕಿನ ಪರೇಡಿನಲ್ಲಿ ಅಯೋಧ್ಯೆಯ ರಾಮಮಂದಿರದ ಸ್ತಬ್ಧಚಿತ್ರ ಬರುವ ಸುದ್ದಿ ಹಬ್ಬಿದಾಗ ಪರವಿರೋಧದ ಪತ್ರಗಳು ಮೇಯರ್ ಕಚೇರಿಗೆ ಹೋದವು. ಸ್ತಬ್ಧಚಿತ್ರ ಬಂತು. ಭಾರತೀಯ ಮುಸ್ಲಿಮರು ಸಿದ್ಧಪಡಿಸಿದ್ದ ಸ್ತಬ್ಧಚಿತ್ರ ಹಿಂದೆ ಸರಿಯಿತು.

ಇದು ನೋವಿನ ಸಂಗತಿ. ಸ್ವಾತಂತ್ರ್ಯೋತ್ಸವ ಎಲ್ಲ ಭಾರತೀಯರದು. ಅದರ ಮೆರವಣಿಗೆಯಿಂದ ಒಂದು ಸಮುದಾಯ ತನ್ನ ಗಾಡಿಯನ್ನು ಹಿಂದಕ್ಕೆ ತಿರುಗಿಸಿಕೊಂಡು ಹೋಗುವಂತಾಗಬಾರದಿತ್ತು. ಸ್ತಬ್ಧಚಿತ್ರ ಬೇಕೇ ಬೇಡವೇ, ಧರ್ಮದ ಚಿಹ್ನೆಗಳಿಗೆ ಎಷ್ಟು ಜಾಗ, ಯಾರು ಮುಂದೆ ಯಾರು ಹಿಂದೆ ಎಂಬ ನಿಯಮಗಳನ್ನು ಒಕ್ಕೂಟಗಳು ಆಗಸ್ಟಿನ ಗದ್ದಲದೊಳಗೆ ಹುಡುಕುವ ಬದಲು ವರ್ಷದ ಆರಂಭದಲ್ಲೇ ಎಲ್ಲ ಸಂಘಗಳನ್ನೂ ಕೂರಿಸಿಕೊಂಡು ಬರೆದು ಪ್ರಕಟಿಸಬೇಕು. ಆ ಸಭೆಗೆ ಕನ್ನಡ ಕೂಟಗಳೂ ಹೋಗಬೇಕು, ಹಿಂದೆ ಸರಿದವರ ಮನೆಗೆ ಹೋಗಿ ಅವರನ್ನೂ ಕರೆತರಬೇಕು.